ಬೇವು ಭತ್ತವಲ್ಲ: ಮೂರು ಜಿಲ್ಲೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಅರಣ್ಯ ಹಾಗೂ ತೋಟಗಾರಿಕೆ ನರ್ಸರಿಗಳ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

2025ರ ಮೇ 4ರಂದು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ದೆಹಲಿಯಲ್ಲಿ ಪ್ರಕಟಿಸಿದರು. ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ್ದು ಡಿಆರ್‌ಆರ್ ಧಾನ್ 100; ಅದಕ್ಕೆ ಕಮಲಾ ಅಂತಲೂ ಹೆಸರು. ಎಂಟಿಯು 1010 ತಳಿಯಿಂದ ಬಂದದ್ದು ಪೂಸಾ ಡಿಎಸ್‌ಟಿ ರೈಸ್ 1. ಇದಾದ ಮೇಲೆ ಸಹಜವಾಗಿಯೇ ಏಳುವ ಪ್ರಶ್ನೆ ಒಂದಿದೆ: ಭತ್ತಕ್ಕೆ ಆದದ್ದು ಗಿಡಕ್ಕೆ ಯಾಕಾಗಬಾರದು? ಧಾರವಾಡದ ಆಪೂಸ್ ಮಾವಿನ ತಿರುಳು ಒಳಗೊಳಗೇ ಸ್ಪಂಜಿನಂತಾಗುವುದನ್ನು ತಪ್ಪಿಸಲಾಗದೇ? ಎಲೆ ಚಿಕ್ಕದಾಗಿಸಿ ಗಿಡವನ್ನೇ ಸಾಯಿಸುವ ಸ್ಪೈಕ್ ರೋಗಕ್ಕೆ ಬಗ್ಗದ ಶ್ರೀಗಂಧ ಬರಲಾರದೇ? ಬದುವಿನ ಬೇವಿನ ಬೀಜದಲ್ಲಿ ಕೀಟ ತಡೆಯುವ ಪದಾರ್ಥವಾದ ಅಜಾಡಿರಾಕ್ಟಿನ್ ಹೆಚ್ಚಿಸಲು ಬರುವುದಿಲ್ಲವೇ? (ನಮ್ಮ ಸೀಮೆಯಲ್ಲಿ ಮರಕ್ಕೂ ಗಿಡ ಅನ್ನುತ್ತೇವೆ. ಈ ಪತ್ರದಲ್ಲೂ ಹಾಗೆಯೇ ಬರೆದಿದ್ದೇವೆ.)

ಇಂಥ ಯೋಜನೆ ಬಂದರೆ ಅದು ನಿಮ್ಮ ಮೇಜಿಗೂ ಬರಬೇಕು. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ, ನಿಮ್ಮ ವ್ಯಾಪ್ತಿಯ ಜೈವಿಕ ಸಂಪನ್ಮೂಲದ ಬಳಕೆ ಕುರಿತು ತೀರ್ಮಾನ ತೆಗೆದುಕೊಳ್ಳುವಾಗ ರಾಷ್ಟ್ರೀಯ ಪ್ರಾಧಿಕಾರವಾಗಲಿ ರಾಜ್ಯ ಮಂಡಳಿಯಾಗಲಿ ನಿಮ್ಮ ಸಮಿತಿಯನ್ನು ಕೇಳಬೇಕು. ಕೇಳಿದಾಗ ಏನು ಹೇಳಬೇಕು, ಏನು ತಿರುಗಿ ಕೇಳಬೇಕು ಅನ್ನುವುದಕ್ಕಾಗಿ ಈ ಪತ್ರ. ನಾವು ಜೀನ್ ಎಡಿಟಿಂಗ್ ಬೇಡವೆನ್ನುವವರಲ್ಲ. ಒಂದೇ ಮಾತು ಹೇಳಬೇಕಿದೆ: ನಮ್ಮ ಗಿಡಗಳ ಡಿಎನ್‌ಎ ಬರಹವನ್ನು ಇನ್ನೂ ಸರಿಯಾಗಿ ಓದಿಲ್ಲ. ಓದುವ ಕೆಲಸಕ್ಕೆ ಮೊದಲು ಹಣ ಇಡಿ, ತಿದ್ದುವ ಕೆಲಸಕ್ಕೆ ಆಮೇಲೆ.

ಜೀನ್ ತಿದ್ದುವ ವಿಧಾನವಾದ ಕ್ರಿಸ್ಪರ್ ಕೆಲಸ ಮಾಡುವ ರೀತಿ ತಿಳಿದರೆ ತೊಡಕು ಎಲ್ಲಿದೆ ಎಂಬುದು ತಾನೇ ಕಾಣುತ್ತದೆ. ಕಾಸ್‌9 ಅನ್ನುವ ಪ್ರೋಟೀನು ಕತ್ತರಿ. ಎಲ್ಲಿ ಕತ್ತರಿಸಬೇಕೆಂದು ಅದಕ್ಕೆ ದಾರಿ ತೋರುವುದು ಗೈಡ್ ಆರ್‌ಎನ್‌ಎ. ಡಿಎನ್‌ಎ ಬರಹದಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಗೈಡಿನಲ್ಲಿ 20 ಅಕ್ಷರಗಳ ಒಂದು ವಿಳಾಸ ಇರುತ್ತದೆ. ಡಿಎನ್‌ಎಯಲ್ಲಿ ಆ 20 ಅಕ್ಷರ ಹೊಂದಬೇಕು, ಅದರ ಬೆನ್ನಿಗೇ ಯಾವುದಾದರೂ ಒಂದು ಅಕ್ಷರ ಬಿಟ್ಟು ಎರಡು ‘ಜಿ’ ಇರಬೇಕು. ಆಗ ಮಾತ್ರ ಕತ್ತರಿ ಬೀಳುತ್ತದೆ. ಆ ಎರಡು ‘ಜಿ’ಗೆ ಹತ್ತಿರದ ಹತ್ತು ಹನ್ನೆರಡು ಅಕ್ಷರಗಳಂತೂ ಬಹಳ ಸೂಕ್ಷ್ಮ, ಅಲ್ಲಿ ಒಂದೇ ಅಕ್ಷರ ತಪ್ಪಿದರೂ ಕತ್ತರಿ ಬೀಳದೇ ಹೋಗಬಹುದು. ‘ಜಿ’ ಇದ್ದಲ್ಲಿ ‘ಎ’ ಬಂದಿದ್ದರೆ ಕಾಸ್‌9ಗೆ ಅಲ್ಲೊಂದು ವಿಳಾಸ ಇತ್ತೆಂಬುದೇ ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ಕತ್ತರಿಸಿದ ಜಾಗವನ್ನು ಜೀವಕೋಶ ಅವಸರದಲ್ಲಿ ಹೊಲಿಯುತ್ತದೆ, ಒಂದೆರಡು ಅಕ್ಷರ ಬೀಳುತ್ತದೆ ಇಲ್ಲವೆ ಸೇರುತ್ತದೆ, ಜೀನು ಕೆಡುತ್ತದೆ. ಈಗ ನಡೆದಿರುವ ತಿದ್ದುವಿಕೆಯಲ್ಲಿ ಬಹುಪಾಲು ಹೀಗೆ ಕೆಡಿಸುವುದೇ.

ಭತ್ತದಲ್ಲಿ ಇದು ಸಲೀಸು. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ತಲೆಮಾರುಗಟ್ಟಲೆ ಹಾಗೆ ಮಾಡಿ ಮಾಡಿ ಅದರ ಪ್ರತಿ ಜೀನಿನ ಎರಡು ಪ್ರತಿಗಳೂ, ಅಂದರೆ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ, ಅಕ್ಷರಕ್ಕೆ ಅಕ್ಷರ ಒಂದೇ. ಒಂದು ಚೀಲದ ಎಲ್ಲ ಕಾಳೂ ಒಂದೇ. ಕಂಪ್ಯೂಟರಿನಲ್ಲಿ ಇರುವ ಆ ತಳಿಯ ಜೀನೋಮು, ಅಂದರೆ ಇಡೀ ಡಿಎನ್‌ಎ ಬರಹ, ಗದ್ದೆಯಲ್ಲಿ ನಿಂತಿರುವ ಗಿಡದ ಜೀನೋಮಿಗೆ ಸರಿ ಹೊಂದುತ್ತದೆ.

ಬೇವಿನದ್ದು ಹಾಗಲ್ಲ. ಯುಗಾದಿಯ ಹೊತ್ತಿಗೆ ಹೂ ಬಿಡುವ ಬೇವಿನ ಒಂದು ಗೊಂಚಲನ್ನು ನೋಡಿ. ಜೇನು, ನೊಣ, ಸಣ್ಣ ಪುಟ್ಟ ಹುಳ ಎಲ್ಲಿಂದಲೋ ಪರಾಗ ತಂದು ಇಕ್ಕುತ್ತವೆ. ಒಂದೇ ಗೊಂಚಲಿನ ಎರಡು ಹಣ್ಣಿಗೆ ಅಪ್ಪ ಬೇರೆ ಬೇರೆ ಇರಬಹುದು. ಹಾಗಾಗಿ ಪ್ರತಿ ಬೀಜವೂ ಹೊಸ ಗಿಡ, ಪ್ರತಿ ಗಿಡದೊಳಗೂ ಒಂದೇ ಜೀನಿನ ಎರಡು ಬೇರೆ ಬರಹ. 2012ರಲ್ಲಿ ಬೆಂಗಳೂರಿನ ಗಣಿತ್ ಲ್ಯಾಬ್ಸ್ ಬೇವಿನ ಜೀನೋಮನ್ನು ಓದಿ ಪ್ರಕಟಿಸಿತು. ಒಳ್ಳೆಯ ಕೆಲಸ. ಆದರೆ ಅದು ಬೇವು ಎಂಬ ಜಾತಿಗೆ ಒಂದು ದಾರಿಸೂಚಿ ಅಷ್ಟೇ. ರೋಣದ ಎರಿ (ಕಪ್ಪು ಮಣ್ಣಿನ) ಹೊಲದ ಬದುವಿನಲ್ಲಿರುವ ಬೇವಿನಲ್ಲಿ ಏನು ಬರೆದಿದೆ ಎಂಬುದು ಅದರಲ್ಲಿ ಸಿಕ್ಕುವುದಿಲ್ಲ. ಶ್ರೀಗಂಧದ ಜೀನೋಮು 2018ರಲ್ಲಿ ಬೆಂಗಳೂರಿನಿಂದಲೇ ಬಂತು, ಆಪೂಸಿನ ಜೀನೋಮು 2020ರಲ್ಲಿ ಚೀನಾದ ವಿಜ್ಞಾನಿಗಳಿಂದ. ಶ್ರೀಗಂಧಕ್ಕೂ ಬೇವಿನ ಮಾತೇ ಅನ್ವಯ. ಆಪೂಸಿನದು ಸ್ವಲ್ಪ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಸಣ್ಣ ಲೆಕ್ಕ ಮಾಡೋಣ. ಒಂದು ಗಿಡದ ಎರಡು ಪ್ರತಿಗಳ ನಡುವೆ ನೂರು ಅಕ್ಷರಕ್ಕೆ ಒಂದು ವ್ಯತ್ಯಾಸ ಇದೆ ಎಂದು ಹಿಡಿಯಿರಿ. ಗೈಡಿನ 20 ಅಕ್ಷರ, ಎರಡು ‘ಜಿ’ ಸೇರಿ 22. ಈ 22 ಅಕ್ಷರವೂ ಎರಡೂ ಪ್ರತಿಯಲ್ಲಿ ಒಂದೇ ಆಗಿರುವ ಸಾಧ್ಯತೆ ಸುಮಾರು ಶೇ 80. ಅಂದರೆ ಕಣ್ಣು ಮುಚ್ಚಿ ಆರಿಸಿದ ಐದು ಗೈಡಿನಲ್ಲಿ ಒಂದು, ಒಂದು ಪ್ರತಿಯನ್ನು ಮಾತ್ರ ಕತ್ತರಿಸಿ ಇನ್ನೊಂದನ್ನು ಹಾಗೇ ಬಿಟ್ಟೀತು. ಇದು ಒಂದು ಗಿಡದ ಮಾತು. 30 ಗಿಡಗಳಿಗೆ, ಅಂದರೆ 60 ಪ್ರತಿಗಳಿಗೆ, ಒಂದೇ ಗೈಡು ಹೊಂದಬೇಕೆಂದರೆ ಉಳಿಯುವ ವಿಳಾಸಗಳು ಇನ್ನೂ ಕಡಿಮೆ.

ಇದು ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. 2015ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಪಾಪ್ಲರ್ ಎಂಬ ಗಿಡದ ಮೇಲೆ ಕ್ರಿಸ್ಪರ್ ಪ್ರಯೋಗ ನಡೆಯಿತು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ತಯಾರಿಗೆ ಬೇಕಾದ 4ಸಿಎಲ್ ಗುಂಪಿನ ಮೂರು ಜೀನುಗಳಿಗೆ ಗೈಡು ಮಾಡಿದ್ದರು. ಎರಡರಲ್ಲಿ ಕೆಲಸ ಅದ್ಭುತವಾಗಿ ಆಯಿತು. ಪರೀಕ್ಷಿಸಿದ ಎಲ್ಲ ಗಿಡಗಳಲ್ಲೂ ಎರಡೂ ಪ್ರತಿ ಬದಲಾಗಿದ್ದವು, ಒಂದರಲ್ಲಿ ಲಿಗ್ನಿನ್ ಶೇ 23ರಷ್ಟು ಇಳಿಯಿತು. ಮೂರನೆಯ ಜೀನನ್ನು ಕತ್ತರಿ ಮುಟ್ಟಲೇ ಇಲ್ಲ. ಕಾರಣ ಗೈಡು ಕೂರಬೇಕಾದ ಜಾಗದಲ್ಲಿ ಪ್ರಯೋಗದ ಗಿಡದ ಅಕ್ಷರ, ಮಾದರಿ ಜೀನೋಮಿನ ಅಕ್ಷರಕ್ಕಿಂತ ಬೇರೆ ಇತ್ತು. ಪಾಪ್ಲರ್ ಅಂದರೆ 2006ರಲ್ಲೇ ಜೀನೋಮು ಓದಿಸಿಕೊಂಡ ಮೊದಲ ಮರ, ಅದರ ಮೇಲೆ ಆದಷ್ಟು ಕೆಲಸ ಬೇರೆ ಮರದ ಮೇಲೆ ಆಗಿಲ್ಲ. ಅಲ್ಲೇ ಹೀಗಾದರೆ ನಮ್ಮ ಬೇವಿನ ಪಾಡು ಏನು?

ಒಂದು ಪ್ರತಿ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಲಿಂಬಿ ಜಾತಿಯ ಉದಾಹರಣೆ ಇದೆ. ಕಜ್ಜಿ ರೋಗದ ಬ್ಯಾಕ್ಟೀರಿಯಾ ಗಿಡದ ಎಲ್‌ಒಬಿ1 ಎಂಬ ಜೀನಿನ ಗುಂಡಿ ಒತ್ತಿ ಎಲೆಯಲ್ಲಿ ಗಂಟು ಎಬ್ಬಿಸುತ್ತದೆ. ಆ ಗುಂಡಿಯನ್ನೇ ತಿದ್ದಿದರೆ ರೋಗ ಹತ್ತಬಾರದು. ದ್ರಾಕ್ಷಿಹಣ್ಣು ಅಂತ ಹೆಸರಷ್ಟೇ ಇರುವ ಗ್ರೇಪ್‌ಫ್ರೂಟ್ ಗಿಡದಲ್ಲಿ ಈ ಜೀನಿನ ಎರಡು ಪ್ರತಿಗಳ ಗುಂಡಿ ಸ್ವಲ್ಪ ಬೇರೆ ಬೇರೆ. ಒಂದನ್ನಷ್ಟೇ ತಿದ್ದಿದಾಗ ಮಾಮೂಲಿ ಬ್ಯಾಕ್ಟೀರಿಯಾ ಇನ್ನೊಂದನ್ನು ಒತ್ತಿ ಕಜ್ಜಿ ಎಬ್ಬಿಸಿಯೇ ಬಿಟ್ಟಿತು. ಒಂದು ಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಗಿಡಗಳ ಮಾತು ಇನ್ನೂ ಮೋಜಿನದು: ಆ ಜಾತಿಗೆ ವರ್ಣತಂತುಗಳು ಎರಡಲ್ಲ, ನಾಲ್ಕು ಗುಂಪು. ಅದನ್ನು ಯಾರೂ ತಿದ್ದಲು ಹೊರಟಿಲ್ಲ, ಬಿಡಿ.

ಈಗ ಓದುವ ಕೆಲಸ ಎಂದರೆ ಏನು ಅನ್ನುವುದನ್ನು ತುಸು ಬಿಡಿಸಿ ಹೇಳಬೇಕು. ಯಾಕೆಂದರೆ ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ.

ಎಳೆ ಎಲೆ ಕೊಯ್ದು ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟರೆ ಒಂದು ದಿನದೊಳಗೆ ಒಣಗಬೇಕು. ಜೆಲ್ ಕಡಿಮೆ ಹಾಕಿದರೆ ಎಲೆ ಕಪ್ಪಾಗುತ್ತದೆ, ಡಿಎನ್‌ಎ ಚೂರಾಗುತ್ತದೆ. ಬೇವು, ಮಾವು ಎರಡರಲ್ಲೂ ಒಗರು ಪದಾರ್ಥ ಜಾಸ್ತಿ; ಆದ್ದರಿಂದ ಡಿಎನ್‌ಎ ಹೊರತೆಗೆಯುವ ಸಿಟಿಎಬಿ ದ್ರಾವಣದಲ್ಲಿ ಒಗರನ್ನು ಹಿಡಿದಿಡುವ ಪಿವಿಪಿ ಶೇ 2ರಷ್ಟು, ಕಂದಾಗದಂತೆ ತಡೆಯುವ ಸ್ವಲ್ಪ ಮರ್‌ಕ್ಯಾಪ್ಟೋಎಥನಾಲ್ ಸೇರಿಸಿ 65 ಡಿಗ್ರಿ ಬಿಸಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಇಡುವುದು ರೂಢಿ. ಕೊನೆಗೆ ಬರುವ ಡಿಎನ್‌ಎ ಕಂದು ಬಣ್ಣಕ್ಕೆ ತಿರುಗಿದ್ದರೆ, ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಅದನ್ನು ಎತ್ತಿಕೊಳ್ಳುವುದಿಲ್ಲ. ಮತ್ತೆ ಮೊದಲಿನಿಂದ ಮಾಡಬೇಕು.

ಮುಂದೆ, ತಿದ್ದಬೇಕಾದ ಜಾಗವನ್ನು ನಡುವೆ ಇಟ್ಟುಕೊಂಡು 600ರಿಂದ 800 ಅಕ್ಷರದ ತುಂಡನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ಓದಿಸುತ್ತಾರೆ. ಪ್ರತಿ ಅಕ್ಷರವೂ ಕಾಗದದ ಮೇಲೆ ಒಂದು ಶಿಖರವಾಗಿ ಬರುತ್ತದೆ; ಎರಡು ಪ್ರತಿ ಬೇರೆ ಇದ್ದಲ್ಲಿ ಒಂದರ ಮೇಲೊಂದು ಎರಡು ಶಿಖರ ಕಾಣುತ್ತವೆ. ಒಂದು ಪ್ರತಿಯಲ್ಲಿ ಅಕ್ಷರವೇ ಬಿದ್ದುಹೋಗಿದ್ದರೆ ಅಲ್ಲಿಂದ ಮುಂದೆ ಇಡೀ ಓದು ಕಲಸುಮೇಲೋಗರ. ಎಲ್ಲ ಶಿಖರಗಳೂ ಒಂಟಿಯಾಗಿ, ಚೊಕ್ಕವಾಗಿ ಬಂದವು ಅನ್ನಿ. ನೋಡಿದವರು ಸಂತೋಷದಿಂದ ಎರಡೂ ಪ್ರತಿ ಒಂದೇ ಎಂದು ಬರೆದುಕೊಳ್ಳುತ್ತಾರೆ. ಅಲ್ಲೇ ಮೋಸ ಹೋಗುವುದು. ಪಿಸಿಆರ್ ಶುರು ಮಾಡುವ ಪ್ರೈಮರ್‌ಗೂ 20 ಅಕ್ಷರದ ವಿಳಾಸವೇ ಬೇಕು. ಅದರ ಜಾಗದಲ್ಲಿ ಒಂದು ಪ್ರತಿಯ ಅಕ್ಷರ ಬೇರೆ ಇದ್ದರೆ ಆ ಪ್ರತಿ ಹೆಚ್ಚದೇ ಹೋಗಬಹುದು. ಇರುವ ಎರಡರಲ್ಲಿ ಒಂದು ಮಾಯ. ಅದಕ್ಕೇ ಬೇರೆ ಜಾಗದ ಎರಡನೆಯ ಜೋಡಿ ಪ್ರೈಮರ್‌ನಿಂದ ಮತ್ತೊಮ್ಮೆ ಓದಬೇಕು. ತುಂಡುಗಳನ್ನು ಬ್ಯಾಕ್ಟೀರಿಯಾದಲ್ಲಿ ಬೇರೆ ಬೇರೆ ಮಾಡಿ ಓದುವುದಾದರೆ ನಾಲ್ಕು ಕಾಲೊನಿ (ಒಂದೊಂದು ತುಂಡು ಹೊತ್ತ ಬ್ಯಾಕ್ಟೀರಿಯಾ ಗುಂಪು) ಸಾಲದು. ನಾಲ್ಕೂ ಒಂದೇ ಪ್ರತಿಯವು ಆಗಿಬಿಡುವ ಸಾಧ್ಯತೆ ಎಂಟಕ್ಕೆ ಒಂದು. ಹತ್ತು ಓದಿದರೆ ಅದು ಐನೂರಕ್ಕೆ ಒಂದಕ್ಕೆ ಇಳಿಯುತ್ತದೆ. ತಿದ್ದಿದ ಮೇಲಿನ ಪರೀಕ್ಷೆಯಲ್ಲೂ ಇದೇ ಬಲೆ ಇದೆ. ಕತ್ತರಿ ಬಿದ್ದಲ್ಲಿ ಕೆಲವೊಮ್ಮೆ ನೂರಾರು ಅಕ್ಷರ ಒಟ್ಟಿಗೆ ಹಾರಿಹೋಗುತ್ತವೆ, ಪ್ರೈಮರ್‌ನ ಜಾಗವೂ ಹೋಗುತ್ತದೆ, ಆ ಪ್ರತಿ ಓದಿಗೆ ಸಿಕ್ಕುವುದಿಲ್ಲ. ವರದಿಯಲ್ಲಿ ಮಾತ್ರ ‘ಎರಡೂ ಪ್ರತಿ ಒಂದೇ ಥರ ತಿದ್ದಿದೆ’ ಎಂದು ಬರುತ್ತದೆ.

ಓದು ಮುಗಿದರೆ ಅಂಗಾಂಶ ಕೃಷಿ. ನಮ್ಮ ಅನಿಸಿಕೆಯಲ್ಲಿ ಇಡೀ ಕೆಲಸ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ, ಕತ್ತರಿಯಲ್ಲಲ್ಲ. ಜೀವಕೋಶದಲ್ಲಿ ತಿದ್ದಿದ್ದು ಗಿಡವಾಗಬೇಕಾದರೆ ಆ ಕೋಶದಿಂದ ಚಿಗುರು ಬರಬೇಕು, ಚಿಗುರಿಗೆ ಬೇರು ಬರಬೇಕು. ಮೂವತ್ತು ವರ್ಷದ ಬೇವಿನ ಕೊಂಬೆ ತಂದರೆ ಮೊದಲು ಬೂಷ್ಟು, ಆಮೇಲೆ ಕತ್ತರಿಸಿದ ಕಡೆಯಿಂದ ಕಂದು ರಸ, ಕೊನೆಗೆ ಏನೂ ಇಲ್ಲ. ಹಾಗಾಗಿ ಎಲ್ಲರೂ ಮೊಳಕೆಯ ಎಳೆ ಕಾಂಡ, ಬೀಜದಳ ಬಳಸುತ್ತಾರೆ. ಅವು ಸುಲಭವಾಗಿ ಚಿಗುರುತ್ತವೆ. ಆದರೆ ಆ ಮೊಳಕೆ ಯಾವುದು? ನೀವು ಮೆಚ್ಚಿದ ತಾಯಿಗಿಡವಲ್ಲ, ಅದರ ಬೀಜ. ಅಪ್ಪ ಯಾರೋ ಗೊತ್ತಿಲ್ಲ, ಕಾಯಿ ಹೇಗೆ ಕೊಡುತ್ತದೆಯೋ ಗೊತ್ತಿಲ್ಲ, ಬೀಜದಲ್ಲಿ ಅಜಾಡಿರಾಕ್ಟಿನ್ ಎಷ್ಟು ಎಂಬುದು ಕೆಲವು ವರ್ಷ ಕಳೆದು ಹಣ್ಣು ಬಿಟ್ಟ ಮೇಲೆಯೇ ಗೊತ್ತಾಗುವುದು. ಹೊಲಕ್ಕೆ ಬೇಕಾದ ಗಿಡ ಲ್ಯಾಬಿನಲ್ಲಿ ಚಿಗುರುವುದಿಲ್ಲ, ಲ್ಯಾಬಿನಲ್ಲಿ ಚಿಗುರುವ ಗಿಡ ಹೊಲಕ್ಕೆ ಬೇಕೋ ಬೇಡವೋ ತಿಳಿಯದು. ಅದರ ಮೇಲೆ, ಒಂದು ಗಿಡಕ್ಕೆ ಒಗ್ಗಿದ ಹಾರ್ಮೋನಿನ ಪ್ರಮಾಣ ಪಕ್ಕದ ಗಿಡಕ್ಕೆ ಒಗ್ಗುವುದಿಲ್ಲ. ಒಂದರಲ್ಲಿ ಹತ್ತು ಚಿಗುರು ಬರುವ ಕಡೆ ಇನ್ನೊಂದರಲ್ಲಿ ಬರೀ ಗಡ್ಡೆಯಂಥ ಮಾಂಸ ಬೆಳೆದು ನಿಲ್ಲುತ್ತದೆ.

ಚಿಗುರು ಬಂದರೂ ಅದು ಇಡಿಯಾಗಿ ತಿದ್ದಿದ್ದೇ ಎಂದು ನಂಬುವಂತಿಲ್ಲ. ಒಂದು ಪದರ ತಿದ್ದಿದ್ದು, ಇನ್ನೊಂದು ಪದರ ಹಳೆಯದು, ಹೀಗೆ ಮಿಶ್ರಗಿಡ ಬರುವುದುಂಟು. ಒಂದು ಎಲೆ ಪರೀಕ್ಷಿಸಿ ಸರಿ ಎಂದು ಕಸಿ ಕಡ್ಡಿ ಕಡಿದರೆ ಬೇರೆ ಕೊಂಬೆಯಲ್ಲಿ ಹಳೆಯ ಜೀನು ಹಾಯಾಗಿ ಕೂತಿರುತ್ತದೆ. ಪರಾಗ, ಅಂಡ ಹುಟ್ಟುವುದು ಹೊರಗಿನಿಂದ ಎರಡನೆಯ ಪದರದಲ್ಲಿ. ಆದ್ದರಿಂದ ಬೇರೆ ಬೇರೆ ಕಡೆಯ ಕನಿಷ್ಠ ಮೂರು ಕೊಂಬೆಯ ಎಲೆ, ಜೊತೆಗೆ ಬೇರಿನ ಚೂರು ನೋಡಬೇಕು. ಹೂ ಬಂದ ಮೇಲೆ ಪರಾಗವನ್ನೂ ನೋಡಬೇಕು.

ಇನ್ನು ಆಪೂಸು. ಇದರ ತೊಡಕು ಬೇವಿನದ್ದಕ್ಕೆ ತದ್ವಿರುದ್ಧ. ಕೆಲಗೇರಿಯ ಆಪೂಸೂ ಕಲಕೇರಿಯ ಆಪೂಸೂ ಕಸಿಯಿಂದ ಬಂದ ಒಂದೇ ಗಿಡ ಅನ್ನಬಹುದು. ಹಾಗಾಗಿ ಒಮ್ಮೆ ಎರಡೂ ಪ್ರತಿ ಓದಿಕೊಂಡರೆ ಎಲ್ಲ ತೋಟಕ್ಕೂ ಅದೇ ಓದು ಸಾಕು. ಕಷ್ಟ ಬರುವುದು ಕತ್ತರಿಯನ್ನು ಹೊರಗೆ ಹಾಕುವಾಗ. ಕಾಸ್‌9 ಜೀನನ್ನು ಸಾಮಾನ್ಯವಾಗಿ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಗಿಡದ ಡಿಎನ್‌ಎಗೇ ಸೇರಿಸುತ್ತಾರೆ. ಭತ್ತದಲ್ಲಿ ಮುಂದಿನ ಬೆಳೆಯ ಕಾಳಿನಲ್ಲಿ ನಾಲ್ಕಕ್ಕೆ ಒಂದು ಕಾಸ್‌9 ಇಲ್ಲದೇ, ಆದರೆ ತಿದ್ದುವಿಕೆ ಉಳಿದು ಸಿಕ್ಕುತ್ತದೆ. ನಾಲ್ಕೈದು ತಿಂಗಳ ಮಾತು. ಆಪೂಸಿನ ಗೊಪ್ಪೆ (ಓಟೆ) ನೆಟ್ಟು ನೋಡಿ. ಅದು ಒಂದೇ ಭ್ರೂಣದ ಗೊಪ್ಪೆ, ಹುಟ್ಟುವ ಸಸಿ ಆಪೂಸಲ್ಲ, ಯಾವುದೋ ನಾಟಿ ಮಾವು. ಕಾಸ್‌9 ಹೋಗುತ್ತದೆ, ಅದರ ಜೊತೆ ಆಪೂಸೂ ಹೋಗುತ್ತದೆ.

ಇದು ಬರೀ ಪ್ರಯೋಗಾಲಯದ ತಲೆನೋವಲ್ಲ, ಕಾನೂನಿನದೂ ಹೌದು. 2022ರ ಮಾರ್ಚ್ 30ರ ಕೇಂದ್ರ ಪರಿಸರ ಸಚಿವಾಲಯದ ಆದೇಶ, ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳ 7ರಿಂದ 11ರವರೆಗಿನ ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿದ್ದು ಎಸ್‌ಡಿಎನ್‌-1, ಎಸ್‌ಡಿಎನ್‌-2 ಬಗೆಯ (ಕತ್ತರಿಸಿದ್ದನ್ನು ಕೋಶವೇ ಹೊಲಿಯಲು ಬಿಡುವ, ಇಲ್ಲವೆ ಸಣ್ಣ ಮಾದರಿ ತೋರಿಸಿ ತಿದ್ದುವ), ಹೊರಗಿನ ಡಿಎನ್‌ಎ ಉಳಿಯದ ಗಿಡಗಳಿಗೆ ಮಾತ್ರ. ಒಳಗೆ ಕಾಸ್‌9 ಕೂತಿರುವ ಮಾವು ಆ ಬಾಗಿಲಿನಿಂದ ಬರಲಾರದು. ಗೋಡೆ ಕಳಚಿದ ಬರೀ ಕೋಶಕ್ಕೆ ಕಾಸ್‌9 ಪ್ರೋಟೀನನ್ನೇ ನೇರ ಹಾಕುವ ವಿಧಾನ ಇದೆ. ಹೊರಗಿನ ಡಿಎನ್‌ಎ ಮಾತೇ ಇಲ್ಲ. ಆದರೆ ಅಂಥ ಬರಿ ಕೋಶದಿಂದ ಇಡೀ ಗಿಡ ಎಬ್ಬಿಸುವುದು ಮರಗಳಲ್ಲಿ ಬಲು ಕಷ್ಟ. ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಕತ್ತರಿಸಿಕೊಂಡು ಹೋಗುವ ಕಾಸ್‌9 ಇಡುವುದುಂಟು. ಅದು ಹೋದ ಜಾಗದಲ್ಲಿ ಹೊರಗಿನ ಚೂರು ಡಿಎನ್‌ಎ ಗುರುತಿನಂತೆ ಉಳಿಯುತ್ತದೆ. ಯಾವ ದಾರಿ ಹಿಡಿದಿದ್ದಾರೆ ಎಂದು ಅರ್ಜಿದಾರರನ್ನು ಬರವಣಿಗೆಯಲ್ಲೇ ಕೇಳಿ.

ಆಪೂಸಿನ ಸ್ಪಂಜಿಗೆ ಇನ್ನೊಂದು ಸೂಕ್ಷ್ಮ ಉಂಟು. ಗಿಡದಲ್ಲಿರುವಾಗಲೇ ಬೀಜ ಮೊಳಕೆಯ ಕಡೆ ಹೊರಳುವುದಕ್ಕೂ ಈ ದೋಷಕ್ಕೂ ನಂಟಿದೆ ಎಂದು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೆಲಸ ತೋರಿಸಿದೆ. ತಿರುಳು ತಾಯಿಗಿಡದ ಅಂಗ. ಬೀಜದೊಳಗಿನ ಭ್ರೂಣದಲ್ಲಿ ಅರ್ಧ ಪಾಲು ಪರಾಗ ಕೊಟ್ಟ ಗಿಡದ್ದು. ಕೆಡಿಸಬೇಕಾದ ಜೀನು ಭ್ರೂಣದಲ್ಲಿ ಕೆಲಸ ಮಾಡುವಂಥದ್ದಾದರೆ, ತಿದ್ದಿದ ಆಪೂಸಿನ ಹೂವಿಗೆ ಪಕ್ಕದ ಮಲ್ಲಿಕಾ ಮಾವಿನ ಪರಾಗ ಬಿದ್ದ ಕ್ಷಣ ಸರಿಯಿರುವ ಒಂದು ಪ್ರತಿ ಒಳಗೆ ಬಂತು. ಎಂಟು ಹತ್ತು ವರ್ಷದ ದುಡಿಮೆ ಒಂದು ನೊಣದ ಕಾಲಿಗೆ ಸೋತಂತೆ. ಆದ್ದರಿಂದ ಯಾವ ಜೀನು ಎಂಬುದಷ್ಟೇ ಕೇಳಿದರೆ ಸಾಲದು, ಅದು ಯಾವ ಅಂಗಾಂಶದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನೂ ಕೇಳಬೇಕು.

ಬೇವಿಗೆ ಮರಳೋಣ. ಎಲ್ಲ ತೊಡಕು ದಾಟಿ ಎರಡೂ ಪ್ರತಿ ತಿದ್ದಿದ ಒಂದು ಬೇವಿನ ಗಿಡ ಕೈಗೆ ಬಂತು ಅಂದುಕೊಳ್ಳಿ. ಮುಂದೆ ಎರಡೇ ದಾರಿ. ಅದನ್ನೇ ಕಡ್ಡಿಯಿಂದ ಹತ್ತು ಸಾವಿರ ಮಾಡಿ ನೆಟ್ಟರೆ ಹತ್ತು ಸಾವಿರವೂ ಒಂದೇ ಗಿಡ. ತುದಿಯಿಂದ ಒಣಗಿಸುತ್ತ ಬರುವ ಫೊಮೊಪ್ಸಿಸ್ ಶಿಲೀಂಧ್ರಕ್ಕೆ ಅದು ಬಗ್ಗುವ ಗಿಡವಾದರೆ ಹತ್ತು ಸಾವಿರವೂ ಬಗ್ಗುತ್ತವೆ. ಬೇರೆ ಬೇರೆ ಬೀಜದಿಂದ ಬಂದ ಬೇವುಗಳು ಸಾಲಾಗಿ ನಿಂತಲ್ಲಿ ಒಂದು ಒಣಗಿದರೂ ಪಕ್ಕದ್ದು ಮತ್ತೆ ಚಿಗುರುವ ಅವಕಾಶ ಇರುತ್ತದೆ. ವೈವಿಧ್ಯ ಕೆಲಸಕ್ಕೆ ಬರುವುದು ಹೀಗೆ. ಎರಡನೆಯ ದಾರಿ, ತಿದ್ದಿದ್ದನ್ನು ನಮ್ಮ ಬೇವುಗಳ ಜೊತೆ ಕೂಡಿಸುವುದು. ಮೊದಲ ತಲೆಮಾರಿನ ಎಲ್ಲ ಸಸಿಗೂ ಒಂದು ಪ್ರತಿ ತಿದ್ದಿದ್ದು, ಒಂದು ಹಳೆಯದು. ಕೆಡಿಸಿದ ಜೀನು ಆದ್ದರಿಂದ ಹಳೆಯ ಪ್ರತಿ ಇರುವವರೆಗೂ ಸಾಮಾನ್ಯವಾಗಿ ಗುಣ ಕಾಣುವುದಿಲ್ಲ. ಅವುಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಎರಡನೆಯ ತಲೆಮಾರಿನಲ್ಲಿ ನಾಲ್ಕಕ್ಕೆ ಒಂದು ಸಿಕ್ಕೀತು, ಆದರೆ ಒಡಹುಟ್ಟಿದವರ ಸಂಬಂಧ. ಸಸಿ ಸೊರಗುವುದು ಇರುತ್ತದೆ. ಒಂದೊಂದು ತಲೆಮಾರಿಗೆ ನಾಲ್ಕೈದು ವರ್ಷ ಹಿಡಿದರೂ ಹತ್ತು ವರ್ಷ ಆಯಿತು. ವೈವಿಧ್ಯ ಉಳಿಸಿಕೊಂಡೇ ತಿದ್ದಬೇಕೆಂದರೆ 30 ತಾಯಿಗಿಡಗಳನ್ನು ಬೇರೆ ಬೇರೆ ಓದಿ, ಬೇರೆ ಬೇರೆ ಚಿಗುರಿಸಿ, ಬೇರೆ ಬೇರೆ ಪರೀಕ್ಷಿಸಬೇಕು. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಒಂದೇ ಗಿಡದ ಲೆಕ್ಕ ಇರುತ್ತದೆ. ಅದನ್ನು 30ರಿಂದ ಗುಣಿಸಿ ನೋಡಿ.

ಅಜಾಡಿರಾಕ್ಟಿನ್ ವಿಷಯದಲ್ಲಿ ನಮ್ಮ ಅಭಿಪ್ರಾಯ ನೇರವಾಗಿದೆ: ಸದ್ಯಕ್ಕೆ ಬೇಡ. ಅದು ಒಂದು ಜೀನಿನ ಗುಣವಲ್ಲ, ಹಲವು ಕಿಣ್ವಗಳ ಉದ್ದ ಸರಪಳಿಯ ಕೊನೆ. ಕೆಡಿಸುವುದು ಸುಲಭ, ಹೆಚ್ಚಿಸುವುದು ಬೇರೆ ವಿದ್ಯೆ. 2023ರಲ್ಲಿ ಪಾಪ್ಲರ್‌ನ ಲಿಗ್ನಿನ್ ಜೀನುಗಳು 21ನ್ನು ಎದುರಿಗಿಟ್ಟುಕೊಂಡು ಸುಮಾರು 70,000 ಬಗೆಯ ಜೋಡಣೆಗಳನ್ನು ಕಂಪ್ಯೂಟರಿನಲ್ಲಿ ತೂಗಿ, ಏಳನ್ನು ಆರಿಸಿ, 174 ಗಿಡ ಮಾಡಿದ ಕೆಲಸ ಬಂದಿದೆ. ಮರದಲ್ಲಿ ಲಿಗ್ನಿನ್‌ಗೆ ಹೋಲಿಸಿದರೆ ನಾರಿನ ಪಾಲು ಮಾಮೂಲಿನ ಶೇ 228ರವರೆಗೆ ಏರಿತು. ಆ ಸರಪಳಿಯ ಕೊಂಡಿ ಕೊಂಡಿಯೂ ದಶಕಗಳಿಂದ ಗೊತ್ತಿದ್ದದ್ದಕ್ಕೆ ಅದು ಸಾಧ್ಯವಾಯಿತು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಬೇಕಾದ ಶೇ 5ರ ಬೇವಿನ ಬೀಜದ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ಒಳತಿರುಳು ಬೇಕು. ಅದೇ 5 ಕಿಲೋ ಯಾವ ಗಿಡದ್ದು ಎಂಬುದರ ಮೇಲೆ ಕಷಾಯದ ಖಾರ ಬದಲಾಗುತ್ತದೆ. ಒಳ್ಳೆಯ ಗಿಡ ಹುಡುಕಿ ಗುರುತು ಹಾಕಿದರೆ ಅರ್ಧ ಕೆಲಸ ಆಯಿತು, ಕತ್ತರಿ ಬೇಕಿಲ್ಲ.

ಜೀನ್ ತಿದ್ದುವುದು ತಕ್ಕದ್ದಾಗಿ ಕಾಣುವುದು ನೀಲಗಿರಿಯಂಥ ಕಡೆ. ಅದನ್ನು ಹೇಗೂ ಕ್ಲೋನ್ ಮಾಡಿ ನೆಡುತ್ತಾರೆ, ಎರಡು ಪ್ರತಿ ಓದುವುದು ಒಮ್ಮೆ ಆದರೆ ಸಾಕು. ಲೀಫಿ ಎಂಬ ಜೀನನ್ನು ಕೆಡಿಸಿದಾಗ ಹೂ ಬಂಜೆಯಾಗಿ, ಗಿಡ ಮಾತ್ರ ಸರಿಯಾಗಿ ಬೆಳೆದದ್ದನ್ನು ಅಮೆರಿಕದ ಓರೆಗಾನ್‌ನವರು 2021ರಲ್ಲಿ ತೋರಿಸಿದ್ದಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ನೀಲಗಿರಿ ಕಂಡವರಿಗೆ ಬೀಜ ಹರಡದ ನೀಲಗಿರಿಯ ಬೆಲೆ ಗೊತ್ತಾಗುತ್ತದೆ. ಜೇನು ಸಾಕುವವರು ಇದಕ್ಕೆ ತಕರಾರು ತೆಗೆದರೆ ಅದೂ ನ್ಯಾಯವೇ.

ಗುರುತಿನ ಚೀಟಿಯ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಚೆಸ್ಟ್‌ನಟ್ ಗಿಡಕ್ಕೆ ಗೋಧಿಯ ಒಂದು ಜೀನು ಸೇರಿಸಿ ರೋಗ ತಡೆಯುವ ತಳಿ ಮಾಡಿದ್ದರು. ಅದು ಎಡಿಟಿಂಗ್ ಅಲ್ಲ, ಹಳೆಯ ಬಗೆಯ ಜೀನ್ ಸೇರ್ಪಡೆ. ಅದನ್ನು ಕಾಡಿನ ಗಿಡಗಳ ಜೊತೆ ಕೂಡಿಸಿ ವೈವಿಧ್ಯ ತುಂಬುವ ಯೋಜನೆ. ವರ್ಷಗಳ ಕಾಲ ಡಾರ್ಲಿಂಗ್ 58 ಎಂದು ಬೆಳೆಸಿದ ಗಿಡಗಳು ನಿಜಕ್ಕೂ ಡಾರ್ಲಿಂಗ್ 54 ಎಂದು 2023ರ ಕೊನೆಗೆ ಹೊರಬಂತು. ಎರಡರಲ್ಲೂ ಜೀನು ಅದೇ, ಆದರೆ ಕೂತ ವರ್ಣತಂತು ಬೇರೆ. 54ರಲ್ಲಿ ಅದು ಗಿಡದ ಸ್ವಂತದ ಒಂದು ಜೀನಿನ ನಡುವೆಯೇ ಹೊಕ್ಕಿತ್ತು. ಬೆನ್ನಿಗೆ ನಿಂತಿದ್ದವರೇ ಕೈಬಿಟ್ಟರು. ಭತ್ತದಲ್ಲಿ ಇಂಥ ತಪ್ಪು ಒಂದು ಹಂಗಾಮಿನಲ್ಲಿ ಸರಿ ಮಾಡಬಹುದು. ಗಿಡದಲ್ಲಿ ಹತ್ತು ವರ್ಷ ಹಿಂದಕ್ಕೆ ಹೋದಂತೆ. ಹಾಗಾಗಿ ಗಿಡ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗೆಲ್ಲ ಎಲೆ ತೆಗೆದು ಡಿಎನ್‌ಎ ಗುರುತು ನೋಡಬೇಕೆಂಬ ಷರತ್ತು ಹಾಕಿ, ಒಣಗಿಸಿದ ಎಲೆಯ ಒಂದು ಭಾಗ ನಿಮ್ಮ ಕಡೆಯೂ ಇರಲಿ.

ಹಕ್ಕಿನ ಮಾತು ಚಿಕ್ಕದಾಗಿ. ಬೇವಿನ ಮೇಲೆ 1994ರಲ್ಲಿ ಯುರೋಪಿನಲ್ಲಿ ಕೊಟ್ಟ ಪೇಟೆಂಟ್ ರದ್ದಾದದ್ದು 2000ದಲ್ಲಿ, ಮೇಲ್ಮನವಿಯೂ ಬಿದ್ದದ್ದು 2005ರಲ್ಲಿ. ಅಷ್ಟು ವರ್ಷ ಹೋರಾಡುವುದಕ್ಕಿಂತ ಕಪ್ಪತ್ತಗುಡ್ಡದ ಬುಡದ ಗಿಡದ ಎಲೆ ಲ್ಯಾಬಿಗೆ ಹೋಗುವ ಮೊದಲೇ ಕಾಗದ ಮಾಡಿಕೊಳ್ಳುವುದು ಅಗ್ಗ.

ಇನ್ನು ಕೇಳಿಕೆ. ಪ್ರತಿ ತಾಲೂಕಿನಲ್ಲಿ ಬೇವಿನ 30 ತಾಯಿಗಿಡ ಗುರುತಿಸಿ, ಒಂದಕ್ಕೊಂದು ಕನಿಷ್ಠ 100 ಮೀಟರ್ ದೂರ ಇರಲಿ; ಹತ್ತಿರದವು ಅಕ್ಕ ತಂಗಿಯರೇ ಆಗಿರುವ ಸಂಭವ ಹೆಚ್ಚು. ಎರಿ ಹೊಲದವೂ ಮಸಾರಿ (ಕೆಂಪು ಮಣ್ಣಿನ) ಹೊಲದವೂ ಸೇರಲಿ. ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಪ್ರತಿ ಗಿಡಕ್ಕೂ ಜಾಗದ ಗುರುತು, ಎದೆಮಟ್ಟದ ಸುತ್ತಳತೆ, ಹೂ ಬಿಟ್ಟ ದಿನ, ಹಣ್ಣು ಉದುರಿದ ದಿನ, ಬೀಜದ ತೂಕ ಬರೆಯಿರಿ. ನರ್ಸರಿಗೆ ಬೀಜ ತರುವಾಗ ಗೇಟಿನ ಪಕ್ಕದ ಒಂದೇ ಗಿಡದ ಅಡಿ ಗುಡಿಸಿ ತುಂಬುವುದು ನಿಲ್ಲಲಿ. 30 ಗಿಡದಿಂದಲೂ ಸಮ ತೂಕದ ಬೀಜ ತಂದು ಬೆರೆಸಿ. ಹಣ್ಣಿನ ಸಿಪ್ಪೆ ಅಂದೇ ತಿಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಎರಡು ಮೂರು ವಾರದೊಳಗೆ ಬಿತ್ತಿ. ಬೇವಿನ ಬೀಜದ ಜೀವ ಬೇಗ ಹಾರುತ್ತದೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರಂತೂ ಇನ್ನೂ ಬೇಗ. ಎಲೆಯ ಮಾದರಿ ಇಡಲು, ಓದಿಸಲು ದೂರ ಹೋಗಬೇಕಿಲ್ಲ. ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಅದರದೇ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲಿದೆ.

ಈ ಪಟ್ಟಿ ಕೈಯಲ್ಲಿದ್ದ ಮೇಲೆ ಯಾರಾದರೂ ತಿದ್ದುವ ಯೋಜನೆ ತಂದರೆ ಮೊದಲ ಪ್ರಶ್ನೆ ಕೇಳಲು ನಿಮಗೆ ಬಲ ಬರುತ್ತದೆ: ಈ 30ರಲ್ಲಿ ಯಾವುದು, ಅದರ ಎರಡೂ ಪ್ರತಿಯ ಓದು ಎಲ್ಲಿ? ಕಾಗದ ತೋರಿಸದಿದ್ದರೆ ಕಡತವನ್ನು ಮುಂದಿನ ಸಭೆಗೆ ಇಡಿ.

ಜೂನಿನಲ್ಲಿ ಬೇವಿನ ಹಣ್ಣು ಉದುರುತ್ತದೆ. ಗಿಡಕ್ಕೆ ನಂಬರಿನ ಬಿಲ್ಲೆ ಹಾಕುವುದು ಅದಕ್ಕೂ ಮೊದಲೇ ಆಗಬೇಕು. ಮೊಳೆ ಹೊಡೆಯಬೇಡಿ, ಸುತ್ತಳತೆ ಬೆಳೆಯಲು ಸಡಿಲ ಬಿಟ್ಟು ಅಲ್ಯೂಮಿನಿಯಂ ತಂತಿಯಿಂದ ಕಟ್ಟಿ.

ತಮ್ಮ ವಿಶ್ವಾಸಿಗಳು,
ಮರಗಳ ತಳಿವಿಜ್ಞಾನ, ಅಂಗಾಂಶ ಕೃಷಿ ಮತ್ತು ನರ್ಸರಿ ಕೆಲಸದಲ್ಲಿರುವವರು
ಧಾರವಾಡ, ಗದಗ, ಹಾವೇರಿ